ಏಳರ ಏಳುಬೀಳು

ಆ ಸಂಸ್ಥೆಯಲ್ಲಿ ನಾಯಿಗಳಿಗೆ ಹೆಸರಿಡಬಾರದು ಎಂಬ ನಿಯಮವಿತ್ತು. ಹೆಸರಿಟ್ಟರೆ ಮೋಹ ಬರುತ್ತದೆ, ಮೋಹ ಬಂದರೆ ಕೈ ನಡುಗುತ್ತದೆ, ಕೈ ನಡುಗಿದರೆ ಸೂಜಿ ತಪ್ಪುತ್ತದೆ ಎಂದು ನಿರ್ದೇಶಕರ ವಾದ. ಆದ್ದರಿಂದ ಎಂಟು ನಾಯಿಗಳಿಗೆ ಒಂದರಿಂದ ಎಂಟರವರೆಗೆ ಅಂಕಿ ಕೊಟ್ಟು ಕೈ ತೊಳೆದುಕೊಂಡಿದ್ದರು. ನಿಯಮ ಬರೆದವರಿಗೆ ಲೆಕ್ಕ ಬರುತ್ತಿತ್ತು, ವ್ಯಾಕರಣ ಮರೆತುಹೋಗಿತ್ತು. ನಮ್ಮ ಅಂಕಿಗಳ ನಡುವೆ ಕೆಲವು ಅಪ್ಪಣೆಗಳೂ ಅಡಗಿ ಕೂತಿವೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಆರು ಎಂಬ ನಾಯಿ ಹೆಸರಿಗೆ ತಕ್ಕಂತೆ ಸದಾ ದೀಪ ಆರಿದ ಹಾಗೆ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಹತ್ತು ಎಂಬ ನಾಯಿ ಇರಲಿಲ್ಲ. ಇದ್ದಿದ್ದರೆ ಮೇಜು ಹತ್ತಿ ಕೂತಿರುತ್ತಿತ್ತು. ಆದರೆ ಏಳು ಇತ್ತು. ಕಂದು ಬೆನ್ನು, ಬಿಳಿ ಹೊಟ್ಟೆ, ಒಂದು ಕಿವಿ ಸದಾ ಮಗುಚಿಕೊಂಡಿರುವ ಏಳು. ಅದಕ್ಕೆ ‘ಏಳು’ ಎಂದರೆ ಸಾಕು, ಕರೆದರೋ ಎಬ್ಬಿಸಿದರೋ ಎಂದು ಯೋಚಿಸುತ್ತ ಕೂರದೆ ಎದ್ದು ನಿಲ್ಲುತ್ತಿತ್ತು.

ಇದನ್ನು ಕಲಿಸಿದವನು ಗಿಣಿ. ಹುಟ್ಟುಹೆಸರು ಬೇರೆ ಇತ್ತು, ಸಂಬಳದ ಚೀಟಿಯಲ್ಲಿ ಈಗಲೂ ಇದೆ. ಕಾಲೇಜಿನ ದಿನಗಳಲ್ಲೇ ಪ್ರಾಂಶುಪಾಲರ ದನಿಯಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನು ಮನೆಗೆ ಕಳಿಸಿದ ಮೇಲೆ ಗಿಣಿ ಎಂಬ ಹೆಸರು ಅಂಟಿತು. ಮದ್ದಿನ ಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದು ಈ ಸಂಸ್ಥೆಯ ಹೃದಯ ವಿಭಾಗಕ್ಕೆ ಸೇರಿದಾಗ ಹೆಸರೂ ಹಿಂದೆಯೇ ಬಂತು, ಚಾಳಿಯೂ ಬಂತು.

ಹೊಸ ಮದ್ದೊಂದು ಮನುಷ್ಯರ ಬಾಯಿಗೆ ಬೀಳುವ ಮೊದಲು ಅದು ಎದೆಬಡಿತವನ್ನು ಕೆಡಿಸುತ್ತದೆಯೇ, ಉಸಿರಿಗೆ ಅಡ್ಡ ಬರುತ್ತದೆಯೇ ಎಂದು ಪ್ರಾಣಿಗಳ ಮೇಲೆ ನೋಡುವುದು ಅಲ್ಲಿನ ಕಸುಬು. ಹೃದಯ ನಾಯಿಗಳ ಪಾಲಿಗೆ, ಉಸಿರು ಇಲಿಗಳ ಪಾಲಿಗೆ. ಉಸಿರಿನ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಕೆ, ಪಾರದರ್ಶಕ ಕೊಳವೆಗಳಲ್ಲಿ ಕೂತ ಇಲಿಗಳ ಉಸಿರು ಎಣಿಸಿ ಎಣಿಸಿ ತನ್ನ ಉಸಿರನ್ನು ಉದ್ದ ಮಾಡಿಕೊಂಡಿದ್ದಳು. ಒಂದು ವಾಕ್ಯಕ್ಕೆ ಒಂದು ನಿಟ್ಟುಸಿರು, ಉಚಿತ. ಹಾಗಾಗಿ ನಿಟ್ಟುಸಿರಮ್ಮ. ನಿರ್ದೇಶಕರಿಗೆ ಎದೆಗಾರ ಎಂಬ ಹೆಸರು. ಧೈರ್ಯಕ್ಕಲ್ಲ, ಬಾಗಿಲಿನಿಂದ ಮೊದಲು ಎದೆ ಒಳಗೆ ಬಂದು, ಮಿಕ್ಕ ನಿರ್ದೇಶಕರು ಹಿಂದಿನಿಂದ ಬರುತ್ತಿದ್ದುದಕ್ಕೆ. ಮೂರು ಹೆಸರುಗಳಲ್ಲಿ ಎರಡನ್ನು ಇಟ್ಟವನು ಗಿಣಿಯೇ.

ಎದೆಗಾರರ ಮಾತು ಅನುಕರಣೆ ಮಾಡುವವರಿಗೆ ಹಬ್ಬದೂಟ. ಮೊದಲು ಗಂಟಲು ಎರಡು ಸಲ ಕೆರೆಯುವುದು: ಹ್ಕ್ಂ, ಹ್ಕ್ಂ. ಆಮೇಲೆ “ವಿಷಯ ಏನಪ್ಪಾ ಅಂದ್ರೆ” ಎಂಬ ಪೀಠಿಕೆ. ವಾಕ್ಯದ ಕೊನೆಯಕ್ಷರವನ್ನು ಮೂಗಿನ ಮೂಲಕ ಮೇಲಕ್ಕೆತ್ತಿ, ಬಾವಿಯಿಂದ ಕೊಡ ಸೇದಿದಂತೆ ಹಿಡಿದು ನಿಲ್ಲಿಸುವುದು. “ಅಂಕಿ ಮಾತಾಡ್ಲಿ-ಈ, ನಾವು ಕೇಳೋಣ-ಆ” ಎಂಬುದು ಅವರ ಧ್ಯೇಯವಾಕ್ಯ. ಸಂಸ್ಥೆಯಲ್ಲಿ ಅಂಕಿಗಳನ್ನು ಬಿಟ್ಟರೆ ಬೇರೆ ಯಾರಿಗೂ ಮಾತಾಡುವ ಅವಕಾಶ ಇರಲಿಲ್ಲವಾದ್ದರಿಂದ ಅದನ್ನು ಎಲ್ಲರೂ ನಂಬಿದ್ದರು.

ದಿನವೂ ಬೆಳಿಗ್ಗೆ ನಾಯಿಗಳನ್ನು ಅಂಗಳಕ್ಕೆ ಬಿಡುವ ಹೊತ್ತಿನಲ್ಲಿ ಗಿಣಿ ಎದೆ ಉಬ್ಬಿಸಿ, ಈ ದನಿಯಲ್ಲೇ ಹಾಜರಿ ಕೂಗುತ್ತಿದ್ದ. ಅಲ್ಲಿ ಅವನು ತನ್ನ ಸ್ವಂತ ದನಿ ತೆಗೆದವನೇ ಅಲ್ಲ. ಸ್ವಂತ ದನಿಗೆ ಯಾರು ನಗುತ್ತಾರೆ? “ಹ್ಕ್ಂ, ಹ್ಕ್ಂ. ಏಳೂ-ಉ!” ಎಂದರೆ ಏಳು ಹಿಂಗಾಲ ಮೇಲೆ ಎದ್ದು ನಿಲ್ಲಬೇಕು, ಗಿಣಿಯ ಜೇಬಿನಿಂದ ಬಿಸ್ಕತ್ತು ಬರಬೇಕು. ಅಸಲಿ ನಿರ್ದೇಶಕರು ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕೋಟಿಗೆ ಕೂದಲು ಅಂಟುತ್ತದೆಂದು ಅವರಿಗೆ ಭಯ.

ಹೀಗಿರುವಾಗ ಒಂದು ನಿದ್ದೆಯ ಮದ್ದು ಪರೀಕ್ಷೆಗೆ ಬಂತು.

ಎಂಟೂ ನಾಯಿಗಳ ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಮೊದಲೇ ಇಟ್ಟು ಹೊಲಿದಿದ್ದರು. ಎದೆಬಡಿತವನ್ನೂ ರಕ್ತದೊತ್ತಡವನ್ನೂ ಅದು ತಂತಿಯ ಹಂಗಿಲ್ಲದೆ ಪಕ್ಕದ ಕೋಣೆಗೆ ಕಳಿಸುತ್ತಿತ್ತು. ಅಲ್ಲಿ ಎಂಟು ಪರದೆ, ಎಂಟು ಹಸಿರು ಗೆರೆ. ಮದ್ದು ಕುಡಿಸಿದ ಮೇಲೆ ನಾಯಿಕೋಣೆಗೆ ಯಾರೂ ಕಾಲಿಡುವಂತಿಲ್ಲ. ಎರಡು ಕೋಣೆಗಳ ನಡುವಿನ ಗಾಜಿಗೂ ಪರದೆ ಎಳೆದಿರಬೇಕು. ಮನುಷ್ಯರ ಮುಖ ಕಂಡರೆ ನಾಯಿಗಳ ಎದೆ ಏರುಪೇರಾಗುತ್ತದೆ. ನಮ್ಮ ಎದೆಯ ಪಾಡೂ ಅದೇ, ಆದರೆ ನಮಗೆ ಯಾರೂ ಪರದೆ ಎಳೆಯುವುದಿಲ್ಲ.

ಮೊದಲ ಸರದಿಯಲ್ಲಿ ಮದ್ದಿಲ್ಲದ ಬರೀ ದ್ರಾವಣ ಕುಡಿಸಿದರು. ಅಂದು ಮದ್ದಿನ ಕಂಪನಿಯವರು ಬಂದಿದ್ದರಿಂದ ಎದೆಗಾರರು ಪರದೆಗಳ ಮುಂದೆ ಇಡೀ ದಿನ ಕುರ್ಚಿ ಹಾಕಿಕೊಂಡು ಕೂತರು. ಗಿಣಿ ಬಾಯಿಗೆ ಬೀಗ ಹಾಕಿಕೊಂಡ. ಎಂಟು ಗೆರೆಗಳೂ ಸುಮ್ಮನಿದ್ದವು.

ಎರಡನೆಯ ಸರದಿಯಲ್ಲಿ ಚಿಕ್ಕ ಪ್ರಮಾಣದ ಮದ್ದು. ಅಂದು ಮಧ್ಯಾಹ್ನ ಎದೆಗಾರರು ಸಭೆಗೆ ಹೋದರು. ಗಿಣಿ ಸಹೋದ್ಯೋಗಿಗಳನ್ನು ನಗಿಸಲು ಚಿಕ್ಕದೊಂದು ಹಾಜರಿ ಕೂಗಿದ. ಏಳರ ಗೆರೆ ಚಿಕ್ಕದಾಗಿ ನೆಗೆಯಿತು.

ಮೂರನೆಯ ಸರದಿಯಲ್ಲಿ ದೊಡ್ಡ ಪ್ರಮಾಣ. ಎದೆಗಾರರು ಇಡೀ ದಿನ ಊರಲ್ಲೇ ಇರಲಿಲ್ಲ. ಗಿಣಿ ಕುರ್ಚಿಯ ಮೇಲೆ ನಿಂತು ಎದೆಗಾರರ ವಾರ್ಷಿಕ ಭಾಷಣ ಬಿಗಿದ, ಹಾಜರಿ ಕೂಗಿದ, ಜನ ಒತ್ತಾಯ ಮಾಡಿದರೆಂದು ಮತ್ತೊಮ್ಮೆ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಾದ್ದರಿಂದ ಪರದೆಯ ಕಡೆ ಯಾರ ಕಣ್ಣೂ ಹೋಗಲಿಲ್ಲ. ಏಳರ ಗೆರೆ ಗೋಡೆ ಹತ್ತುವ ಹಲ್ಲಿಯಂತೆ ಮೇಲೇರಿ ಇಳಿದು, ಮತ್ತೆ ಏರಿ ಇಳಿದದ್ದನ್ನು ಗಣಕಯಂತ್ರ ಒಂದೇ ಎಚ್ಚರವಾಗಿದ್ದು ಬರೆದುಕೊಂಡಿತು.

ಮದ್ದು ಹೆಚ್ಚಿದಂತೆ ಪರಿಣಾಮ ಹೆಚ್ಚಬೇಕು ಎಂಬುದು ಶಾಸ್ತ್ರ. ಹೆಚ್ಚಿತ್ತು. ಶಾಸ್ತ್ರಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಸಿಕ್ಕುವುದು ಅಪರೂಪ.

ಫಲಿತಾಂಶ ನೋಡಿದ ಎದೆಗಾರರು ಎಲ್ಲರನ್ನೂ ಕರೆದು ಕೂರಿಸಿದರು.

“ಹ್ಕ್ಂ, ಹ್ಕ್ಂ. ವಿಷಯ ಏನಪ್ಪಾ ಅಂದ್ರೆ, ಏಳು ನಾಯಿಗಳ ಎದೆ ಸುಮ್ಮನಿದೆ. ಏಳರ ಎದೆ ಸುಮ್ಮನಿಲ್ಲ.”

“ಒಂದೇ ಮಾತಿನಲ್ಲಿ ಇದೆ, ಇಲ್ಲ ಎರಡೂ ಹೇಳಿಬಿಟ್ರಲ್ಲ ಸರ್” ಎಂದು ನಿಟ್ಟುಸಿರಮ್ಮ ಉಸಿರು ಬಿಟ್ಟಳು.

“ಏಳನೇ ನಾಯಿ ಕಣ್ರೀ! ನಿದ್ದೆಯ ಮದ್ದು ಕುಡಿದು ಎದೆ ಹೀಗೆ ನೆಗೆಯುತ್ತೆ ಅಂದ್ರೆ ಏನರ್ಥ? ಒಂದೋ ಮದ್ದು ಕೆಟ್ಟದ್ದು, ಇಲ್ಲಾ ನಾಯಿಯ ಹೃದಯದಲ್ಲೇ ದೋಷ ಇದೆ. ಕಂಪನಿಯವರು ಉತ್ತರ ಕೇಳ್ತಿದ್ದಾರೆ. ತೆರೆದು ನೋಡಿಬಿಡೋಣ. ನಾಳೆ ಬೆಳಿಗ್ಗೆಗೆ ಏರ್ಪಾಡು ಮಾಡಿ.”

ಬೇರೆ ಕಡೆ ಜನ ಹೃದಯ ತೆರೆದು ಮಾತಾಡುತ್ತಾರೆ. ಇಲ್ಲಿ ತೆರೆದ ಮೇಲೆ ಮಾತೇ ಇರುವುದಿಲ್ಲ. ಮಿಕ್ಕ ಏಳು ನಾಯಿಗಳು ಪರೀಕ್ಷೆ ಮುಗಿದ ಮೇಲೆ ಹೊಟ್ಟೆಯ ಯಂತ್ರ ತೆಗೆಸಿಕೊಂಡು ಯಾರದಾದರೂ ಮನೆ ಸೇರುತ್ತಿದ್ದವು. ಏಳು ಮಾತ್ರ ಉಕ್ಕಿನ ಮೇಜು ಸೇರಬೇಕು.

“ಸರ್, ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡಿದ್ರೆ…” ಎಂದ ಗಿಣಿ.

“ಯಾಕ್ರೀ? ಕಾರಣ ಇದೆಯಾ?”

ಗಿಣಿಯ ಬಳಿ ಕಾರಣ ಇರಲಿಲ್ಲ. “ಅದು ಒಳ್ಳೆ ನಾಯಿ ಸರ್” ಎಂಬುದು ಕಾರಣವಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

“ಅಂಕಿ ಮಾತಾಡಿದೆ. ನಾವು ಕೇಳೋಣ-ಆ” ಎಂದು ಎದೆಗಾರರು ಕೊಡ ಸೇದಿ ಮುಗಿಸಿದರು.

ಸಂಜೆ ಹೊರಡುವ ಮುಂಚೆ ಗಿಣಿ ನಾಯಿಕೋಣೆಗೆ ಹೋದ. ಏಳು ಬಂದು, ಸದಾ ಮಾಡುವಂತೆ ಅವನ ಬೂಟಿನ ಮೇಲೆ ಕೂತಿತು. ಬೂಟಿನ ಮೂಲಕ ಅದರ ಎದೆಬಡಿತ ಅವನ ಪಾದಕ್ಕೆ ತಾಕುತ್ತಿತ್ತು. ಯಾವ ದೋಷವೂ ಇಲ್ಲದ, ಗಟ್ಟಿಮುಟ್ಟಾದ ಬಡಿತ. ಅಂದು ಅವನು ಯಾರ ದನಿಯನ್ನೂ ತೆಗೆಯದೆ ಬಿಸ್ಕತ್ತು ಕೊಟ್ಟು ಬಂದ.

ಮನೆಯಲ್ಲಿ ಹೆಂಡತಿ ಹೊಲಿಗೆಯಂತ್ರದ ಮುಂದೆ ಕೂತಿದ್ದಳು. ಅಳತೆಪಟ್ಟಿ ಕೊರಳಲ್ಲಿ, ಗುಂಡುಸೂಜಿ ಬಾಯಲ್ಲಿ. ಸೂಜಿ ಕಚ್ಚಿಕೊಂಡೇ ಮಾತಾಡುವ ವಿದ್ಯೆ ಅವಳಿಗೆ ಸಿದ್ಧಿಸಿತ್ತು. ಹಾಗಾಗಿ ಮಾತು ಚುಚ್ಚುತ್ತಿತ್ತು ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

“ಏನ್ರೀ, ಮನೆಗೆ ಬಂದು ಇಷ್ಟು ಹೊತ್ತಾಯ್ತು, ಯಾರೂ ಮಾತಾಡಿಲ್ಲ? ದಿನಾ ಎದೆಗಾರರು ಬರ್ತಿದ್ರು, ನಿಟ್ಟುಸಿರಮ್ಮ ಬರ್ತಿದ್ಲು. ಇವತ್ತು ಮನೆಗೆ ನೀವೊಬ್ಬರೇ ಬಂದ್ರಾ?”

“ಏಳನ್ನ ಕೊಯ್ತಾರಂತೆ ಕಣೇ.”

ಅವಳು ಸೂಜಿಗಳನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಅದು ಅವಳ ಮಟ್ಟಿಗೆ ಎದ್ದು ನಿಂತು ಗೌರವ ಸಲ್ಲಿಸಿದಂತೆ.

“ನೀವೇನಂದ್ರಿ?”

“ಏನನ್ನಲಿ? ಕಾರಣ ಕೇಳಿದ್ರು, ಬಾಯೇ ಬರ್ಲಿಲ್ಲ.”

“ಊರಿನವರದ್ದೆಲ್ಲ ದನಿ ತೆಗೀತೀರಿ. ನಿಮ್ಮ ದನಿ ಎಲ್ಲಿ ಇಟ್ಟು ಮರೆತಿದ್ದೀರೋ ಹುಡುಕಿ ಸ್ವಲ್ಪ.”

ಗಿಣಿ ಹುಡುಕಲಿಲ್ಲ. ಉಂಡು ಮಲಗಿದ.

ಮರುದಿನ ಬೆಳಿಗ್ಗೆ ಅವನು ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಗ ಒಳಗೆ ನಿತ್ಯದ ಯುದ್ಧ ನಡೆದಿತ್ತು. ಮಗಳು ಆಗತಾನೆ ಅಂಕಿ ಕಲಿಯುತ್ತಿದ್ದಳು.

“ಏಳೇ ಪುಟ್ಟಿ, ಶಾಲೆಗೆ ಹೊತ್ತಾಯ್ತು. ಏಳು!”

“ಎಂಟು!” ಎಂದಿತು ಹೊದಿಕೆ.

“ಏಳು ಅಂದ್ನಲ್ಲ!”

“ಒಂಬತ್ತು! ಹತ್ತು!”

“ಹತ್ತಿದ್ದು ಸಾಕು, ಈಗ ಮಂಚ ಇಳಿ!”

ಹೊದಿಕೆಯೊಳಗೆ ಕಿಲಕಿಲ ನಗು. ಗಿಣಿಯ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. ನೊರೆ ಗಲ್ಲದಿಂದ ಅಂಗಿಗೆ ಇಳಿಯಿತು.

ಏಳು ಎಂದರೆ ಎಂಟು ಎನ್ನುವುದು ಮಗಳು. ಏಳು ಎಂದರೆ ಏಳುವುದು ನಾಯಿ. ‘ಏಳು’ ಅಂದದ್ದು ಯಾವಾಗ? ಮದ್ದಿಲ್ಲದ ದಿನ ಅನ್ನಲಿಲ್ಲ, ಯಜಮಾನರು ಕೂತಿದ್ದರು. ಚಿಕ್ಕ ಮದ್ದಿನ ದಿನ ಅಂದೆ. ದೊಡ್ಡ ಮದ್ದಿನ ದಿನ ಎರಡೆರಡು ಸಲ ಅಂದೆ. ಆದರೆ ಅಂದದ್ದು ಈಚೆ ಕೋಣೆಯಲ್ಲಿ. ಏಳು ಇದ್ದದ್ದು ಆಚೆ ಕೋಣೆಯಲ್ಲಿ. ಅದಕ್ಕೆ ಕೇಳಿದ್ದು ಹೇಗೆ?

“ಮೈಕು!” ಎಂದು ಅವನು ನೊರೆ ಸಮೇತ ಕೂಗಿದ. ಬಾಗಿಲೆಲ್ಲ ನೊರೆಯಾಯಿತು.

ಪರದೆಗಳ ಮೇಜಿನ ಮೇಲೆ ಒಂದು ಮೈಕು ಇತ್ತು. ನಾಯಿಕೋಣೆಯ ಕೆಲಸದವರಿಗೆ ಈಚೆಯಿಂದ ಸೂಚನೆ ಕೊಡಲು. ಗುಂಡಿ ಒತ್ತಿ ಹಿಡಿದರೆ ಮಾತು ಆಚೆ ಹೋಗಬೇಕು, ಬಿಟ್ಟರೆ ನಿಲ್ಲಬೇಕು. ಗಿಣಿ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಬಂದು ನೋಡಿದರೆ ಗುಂಡಿ ಒತ್ತಿದಂತೆಯೇ ಕೂತಿತ್ತು. ಎಬ್ಬಿಸಿದರೂ ಏಳಲಿಲ್ಲ. ಸುತ್ತ ಸಕ್ಕರೆಯ ಪಾಕ ಗಟ್ಟಿಕಟ್ಟಿತ್ತು. ಚೆಲ್ಲಿದ್ದು ಯಾರ ಚಹಾ ಎಂಬ ಬಗ್ಗೆ ತನಿಖೆ ಬೇಕಿರಲಿಲ್ಲ. ಕಪ್ಪಿನ ಗುರುತು ಗಿಣಿ ಕೂರುವ ಜಾಗದ ನೇರಕ್ಕೇ ಇತ್ತು.

ಅವನು ಏಳರ ಪರದೆ ಹೊತ್ತಿಸಿದ. ಗೆರೆ ನಿದ್ದೆಯಲ್ಲಿ ತೆವಳುತ್ತಿತ್ತು. ಗಂಟಲು ಕೆರೆದು, ಮೂಗು ಸಜ್ಜು ಮಾಡಿಕೊಂಡು, ಗುಟ್ಟು ಹೇಳುವಂತೆ ಅಂದ: “ಏಳೂ-ಉ!”

ಗೆರೆ ಹಾರಿತು. ಗಿಣಿಯ ಎದೆಯೂ ಹಾರಿತು. ಅದಕ್ಕೆ ಪರದೆ ಇರಲಿಲ್ಲ.

ಬಾಗಿಲಲ್ಲಿ ಯಾರೋ ಉಸಿರು ಬಿಟ್ಟರು. ಉಸಿರಿನ ಉದ್ದದಿಂದಲೇ ಯಾರೆಂದು ತಿಳಿಯಿತು.

“ಅಕ್ಕಾ, ಏಳನ್ನ ಕೊಲ್ತಿರೋದು ಮದ್ದಲ್ಲ. ನನ್ನ ಬಾಯಿ” ಎಂದು ಗಿಣಿ ಎಲ್ಲವನ್ನೂ ಒದರಿಬಿಟ್ಟ.

ನಿಟ್ಟುಸಿರಮ್ಮ ಕೇಳಿಸಿಕೊಂಡು ಕುರ್ಚಿ ಎಳೆದು ಕೂತಳು. “ಉಸಿರೆತ್ತಬೇಡ ಅನ್ನೋಣ ಅಂದ್ರೆ ನಾಯಿ ಉಸಿರು ಹೋಗುತ್ತೆ. ಉಸಿರೆತ್ತು ಅಂದ್ರೆ ನಿನ್ನ ಕೆಲಸ ಹೋಗುತ್ತೆ. ಏನು ಹೇಳ್ಲೋ ನಿಂಗೆ?”

“ಕೆಲಸ ತೆಗೀತಾರಾ?”

“ಅವರ ಚಿತ್ರ ಬರೆದು ಗೋಡೆಗೆ ಅಂಟಿಸಿದ್ನಲ್ಲ ಒಬ್ಬ, ಮೂಗು ಒಂದಿಷ್ಟು ಉದ್ದ ಬಂದಿತ್ತು ಅಷ್ಟೇ. ಇನ್ನೂ ಗೋದಾಮಿನಲ್ಲಿ ಕೂತು ಇಲಿ ತಿನಿಸಿನ ಚೀಲ ಕಾಯ್ತಿದ್ದಾನೆ. ಇದು ಮೂಗಲ್ಲ, ಇಡೀ ಮನುಷ್ಯ. ನಿನ್ನನ್ನ ವಿಭಾಗಕ್ಕೆ ಮುಖ್ಯಸ್ಥ ಮಾಡ್ಬೇಕು ಅಂತ ಮೊನ್ನೆ ತಾನೇ ಬಾಯಿ ಬಿಟ್ಟಿದ್ರು.”

ಗಿಣಿ ಯೋಚಿಸಿದ. “ಅರ್ಧ ಹೇಳ್ತೀನಿ ಅಕ್ಕಾ. ಮೈಕು ಕೆಟ್ಟಿತ್ತು, ನಮ್ಮ ಮಾತು ಆಚೆ ಹೋಗಿ ನಾಯಿ ಎದ್ದಿದೆ ಅಂತೀನಿ. ಯಾರ ದನಿ, ಏನು ಕತೆ ಅಂತ ಹೇಳಲ್ಲ.”

“ಅರ್ಧ ಡೋಸಿಗೆ ಕೆಲಸ ಮಾಡೋ ಮದ್ದು ನಾನಂತೂ ಇವತ್ತಿನವರೆಗೂ ಕಂಡಿಲ್ಲ ಕಣೋ” ಎಂದಳು ನಿಟ್ಟುಸಿರಮ್ಮ. ಆದರೂ ಎದೆಗಾರರನ್ನು ಕರೆತರಲು ಅವಳೇ ಎದ್ದು ಹೋದಳು.

ಮೊದಲು ಎದೆ, ಆಮೇಲೆ ಎದೆಗಾರರು ಒಳಗೆ ಬಂದರು. ಗಿಣಿ ತನ್ನ ಅರ್ಧ ಸತ್ಯವನ್ನು ಒಪ್ಪಿಸಿದ. ಮೈಕಿನ ಗುಂಡಿ ತೋರಿಸಿದ. ಸಕ್ಕರೆಯನ್ನು ಉಗುರಿನಿಂದ ಕೆರೆದೂ ತೋರಿಸಿದ.

“ಅಂದ್ರೆ, ಏಳು ಅಂತ ಯಾರೋ ಅಂದಿದ್ದು ಕೇಳಿ ಎದೆ ಏರಿದೆ ಅಂತೀರಿ?”

“ಹೌದು ಸರ್. ಅದರ ಹೆಸರು ಏಳು. ಏಳು ಅಂದ್ರೆ ಏಳುತ್ತೆ.”

“ಇದೊಳ್ಳೆ ಕತೆಯಾಯ್ತಲ್ಲ! ಒಂದನ್ನ ಒಂದು ಅಂದ್ರೆ ಒಂದಾಗಿಬಿಡುತ್ತಾ?” ಆದರೂ ಅವರು ವಿಜ್ಞಾನಿ. ಕೋಟಿನ ಗುಂಡಿ ಹಾಕಿಕೊಂಡು, ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂಬ ಎಚ್ಚರದಲ್ಲಿ ಮೈಕಿಗೆ ಬಾಗಿದರು. “ಏಳು.”

ಹಸಿರು ಗೆರೆ ಮಿಸುಕಲಿಲ್ಲ.

“ಏಳು” ಎಂದರು ಮತ್ತೆ, ಇನ್ನಷ್ಟು ಗಂಭೀರವಾಗಿ, ಶೋಕಸಭೆ ಉದ್ಘಾಟಿಸುವವರಂತೆ.

ಗೆರೆ ಮಿಸುಕಲಿಲ್ಲ.

“ನೀವೇ ಹೇಳಿ ನೋಡ್ರೀ.”

ಗಿಣಿ ಬಾಗಿ ತನ್ನ ದನಿಯಲ್ಲಿ ಅಂದ: “ಏಳು.” ಅವನ ಕಿವಿಗೇ ಅದು ಅಪರಿಚಿತರ ದನಿಯಂತೆ ಕೇಳಿಸಿತು. ಗೆರೆ ಆಕಳಿಸಿತು. ನಾಯಿಗೆ ಈ ದನಿಯ ಪರಿಚಯವೇ ಇರಲಿಲ್ಲ. ಹುಡುಕಿ ಸ್ವಲ್ಪ ಎಂದಿದ್ದಳು ಹೆಂಡತಿ. ಹುಡುಕಿ ತಂದರೂ ಈಗ ಬೆಲೆಯಿಲ್ಲ.

“ನೋಡಿದ್ರಾ? ಮಾತಿನಿಂದ ಆದದ್ದಲ್ಲ ಅಂತ ಈಗ ರುಜುವಾತಾಯ್ತು. ಇಲ್ಲಿವರೆಗೆ ಒಂದು ಅನುಮಾನ ಆದ್ರೂ ಇತ್ತು, ಅದೂ ತೀರಿತು. ಮೈಕು ರಿಪೇರಿಗೆ ಕೊಡಿ. ನಾಯಿನ ಮೇಜಿಗೆ ತರೋಕೆ ಹೇಳಿ.” ಎದೆಗಾರರು ಬಾಗಿಲ ಕಡೆ ತಿರುಗಿದರು.

ಅರ್ಧ ಸತ್ಯ ಏಳನ್ನು ಉಳಿಸುವ ಬದಲು ಮೇಜಿನವರೆಗೆ ಹೊತ್ತುಕೊಂಡು ಹೋಗಿತ್ತು. ಗಿಣಿ ನಿಟ್ಟುಸಿರಮ್ಮನ ಮುಖ ನೋಡಿದ. ಅವಳು ಜೀವಮಾನದಲ್ಲೇ ಮೊದಲ ಸಲ ಉಸಿರು ಬಿಗಿಹಿಡಿದಿದ್ದಳು.

ಎದೆಗಾರರ ಕೈ ಬಾಗಿಲ ಹಿಡಿಯ ಮೇಲಿತ್ತು. ಬೆನ್ನ ಹಿಂದೆ ಅವರ ಗಂಟಲು ಅವರನ್ನು ಕೇಳದೆಯೇ ಕೆರೆಯಿತು.

“ಹ್ಕ್ಂ, ಹ್ಕ್ಂ. ವಿಷಯ ಏನಪ್ಪಾ ಅಂದ್ರೆ-ಏ…”

ಅವರು ತಿರುಗಿದರು. ಗಿಣಿ ಎದೆ ಮುಂದೆ ಮಾಡಿ, ಗಲ್ಲ ಒಳಗೆ ಎಳೆದು, ಕಣ್ಣು ಮುಚ್ಚಿಕೊಂಡು ಮೈಕಿನ ಮುಂದೆ ನಿಂತಿದ್ದ. ನೇಣಿಗೆ ಹೋಗುವವನು ಕಡೆಯ ಹಾಡು ಹಾಡಿದಂತೆ, ಒಂದು ಸ್ವರವನ್ನೂ ಬಿಡದೆ ಅಂದ: “ಏಳೂ-ಉ! ಅಂಕಿ ಮಾತಾಡ್ಲಿ-ಈ! ನಾವು ಕೇಳೋಣ-ಆ!”

ಹಸಿರು ಗೆರೆ ಪರದೆಯ ನೆತ್ತಿಗೆ ಹೋಗಿ ಬಡಿಯಿತು. ಆಚೆ ಕೋಣೆಯಿಂದ ಬೊಗಳು ಕೇಳಿತು. ನಿಟ್ಟುಸಿರಮ್ಮ ಗಾಜಿನ ಪರದೆಯನ್ನು ಸರಕ್ಕನೆ ಸರಿಸಿದಳು. ಏಳು ಹಿಂಗಾಲ ಮೇಲೆ ನಿಂತು, ಗೋಡೆಯ ಮೇಲಿನ ಸ್ಪೀಕರನ್ನೇ ನೋಡುತ್ತಾ ಬಾಲವನ್ನು ಬೀಸಣಿಗೆ ಮಾಡಿತ್ತು. ಆರು ಕೂಡ ಮೂಲೆಯಿಂದ ತಲೆಯೆತ್ತಿ ನೋಡಿತು.

ಎದೆಗಾರರ ಕೈ ಬಾಗಿಲ ಹಿಡಿ ಬಿಟ್ಟು ತಮ್ಮದೇ ಗಂಟಲಿಗೆ ಹೋಯಿತು.

“ನಾನು… ಹೀಗಾ ಮಾತಾಡೋದು?” ಎಂದರು ಎದೆಗಾರರು.

“ಇಲ್ಲ ಸರ್” ಎಂದಳು ನಿಟ್ಟುಸಿರಮ್ಮ, ಹಿಡಿದಿಟ್ಟ ಉಸಿರನ್ನೆಲ್ಲ ಬಿಡುತ್ತ. “ಇದು ಸ್ವಲ್ಪ ತಿದ್ದಿದ ಪ್ರತಿ.”

“ಎಷ್ಟು ಕಾಲದಿಂದ ನಡೀತಿದೆ ಇದು?”

“ನಾಯಿಗಳು ಬಂದಾಗಿಂದ ಸರ್” ಎಂದ ಗಿಣಿ. ಕಣ್ಣು ಇನ್ನೂ ತೆರೆದಿರಲಿಲ್ಲ.

“ಏಳು ಅಂದ ಮೇಲೆ ಅದಕ್ಕೆ ಏನು ಸಿಗುತ್ತೆ?”

“ಬಿಸ್ಕತ್ತು ಸರ್. ಸಂಸ್ಥೆಯದ್ದಲ್ಲ, ನಾನೇ ಮನೆಯಿಂದ ತರೋದು.”

“ನನ್ನ ದನಿ, ನಿನ್ನ ಬಿಸ್ಕತ್ತು.” ಬಹುವಚನ ಬಿಟ್ಟುಹೋದದ್ದು ಅವರ ಗಮನಕ್ಕೆ ಬರಲಿಲ್ಲ. ಅವರು ಗಾಜಿನ ಹತ್ತಿರ ಹೋಗಿ ನಿಂತರು. ಅವರು ಕೋಣೆಗೆ ಬಂದರೆ ಎದ್ದು ನಿಲ್ಲುವವರು ಬೇಕಾದಷ್ಟು ಜನ ಇದ್ದರು. ಎದ್ದು ಕುಣಿದವರು ಇಷ್ಟು ವರ್ಷದಲ್ಲಿ ಇದೇ ಮೊದಲು.

“ಹಾಗಾದ್ರೆ ಅದಕ್ಕೆ ನಾನಂದ್ರೆ ಇಷ್ಟ” ಎಂದರು ಮೆಲ್ಲಗೆ.

“ನಿಮ್ಮ ದನಿ ಅಂದ್ರೆ ಸರ್.”

“ನನ್ನ ದನಿ ಅಂದ್ರೆ ನಾನೇ ತಾನೇ?”

ಮದ್ದಿನ ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಅಧ್ಯಾಯ ಇರಲಿಲ್ಲ. ಎದೆಗಾರರು ಸುಮ್ಮನೆ ಉಕ್ಕಿನ ಮೇಜಿನ ಕೋಣೆಗೆ ಫೋನು ಮಾಡಿ, ಇವತ್ತಿನ ಏರ್ಪಾಡು ರದ್ದು ಎಂದರು. ಗಂಟಲು ಕೆರೆಯಲು ಹೋಗಿ, ಗಿಣಿಯ ಮುಖ ನೋಡಿ, ನುಂಗಿಕೊಂಡರು.

ಮೈಕು ಕಿತ್ತುಹಾಕಿ ಪರೀಕ್ಷೆಯನ್ನು ಮೊದಲಿನಿಂದ ಮಾಡಿದರು. ಏಳು ನಿದ್ದೆಯ ಮದ್ದು ಕುಡಿದು ಆರಿಗಿಂತ ಚೆನ್ನಾಗಿ ಮಲಗಿತು. ವರದಿಯಲ್ಲಿ ಹಳೆಯ ಫಲಿತಾಂಶಕ್ಕೆ ಕಾರಣ ಬರೆಯಬೇಕಿತ್ತು. “ನಿರ್ದೇಶಕರ ದನಿಯಿಂದ ಎದೆಬಡಿತದಲ್ಲಿ ಏರಿಕೆ” ಎಂದು ಗಿಣಿ ಪ್ರಾಮಾಣಿಕವಾಗಿ ಬರೆದ. ಹಾಗೆ ಬರೆದರೆ ಮದ್ದು ಬಿಟ್ಟು ನಿರ್ದೇಶಕರನ್ನೇ ಪರೀಕ್ಷೆಗೆ ಹಾಕಿ ಎಂದು ಕಂಪನಿಯವರು ಕೇಳಬಹುದೆಂದು ನಿಟ್ಟುಸಿರಮ್ಮ ಎಚ್ಚರಿಸಿದಳು. ಕೊನೆಗೆ “ಹೊರಗಿನ ಸದ್ದಿನಿಂದ ಅಡಚಣೆ” ಎಂದಾಯಿತು.

ಅಡಚಣೆಗೂ ಶಿಕ್ಷೆಯಾಯಿತು. ಮುಖ್ಯಸ್ಥನ ಕುರ್ಚಿ ಬೇರೊಬ್ಬರಿಗೆ ಹೋಯಿತು. ಸಂಸ್ಥೆಯ ಆವರಣದಲ್ಲಿ ಬದುಕಿರುವ ಯಾವ ವ್ಯಕ್ತಿಯ ದನಿಯನ್ನೂ ತೆಗೆಯಕೂಡದು ಎಂದು ಆದೇಶ ಬಂತು. ಗಿಣಿಯನ್ನು ಹೃದಯದಿಂದ ಕಿತ್ತು ಉಸಿರಿಗೆ ಹಾಕಿದರು. ಇಲಿಗಳು ಕೊಳವೆಯಲ್ಲಿ ಕೂತಿರುವಾಗ ಅಲ್ಲಿ ಪಿಸುಮಾತಿಗೂ ಅವಕಾಶವಿಲ್ಲ. “ಇಲ್ಲಿ ಉಸಿರಾಡ್ಬಹುದು, ಉಸಿರೆತ್ತೋ ಹಾಗಿಲ್ಲ” ಎಂದು ನಿಟ್ಟುಸಿರಮ್ಮ ಬರಮಾಡಿಕೊಂಡಳು.

ಇದೆಲ್ಲವನ್ನೂ ಗಿಣಿ ಸಹಿಸಿಕೊಂಡ, ಏಳು ತನ್ನ ಮನೆಗೆ ಬರುತ್ತದೆಂಬ ಒಂದೇ ಆಸೆಯಿಂದ. ಹೆಂಡತಿ ಒಪ್ಪಿದ್ದಳು. ಉಳಿದ ಬಟ್ಟೆಯ ಚೂರುಗಳಲ್ಲಿ ಒಂದು ಹಾಸಿಗೆಯನ್ನೂ ಹೊಲಿದಿಟ್ಟಿದ್ದಳು. ಪುಟ್ಟಿ ಅದರ ಮೇಲೆ ದೊಡ್ಡದಾಗಿ 8 ಎಂದು ಬರೆದಿದ್ದಳು, ಏಳು ಆದ ಮೇಲೆ ಬರುವುದು ಅದೇ ತಾನೇ ಎಂದು. ನಾಯಿಗಳನ್ನು ಮನೆಗೆ ಕೊಡುವ ದಿನ ಗಿಣಿ ಹಗ್ಗ ಹಿಡಿದು ಹೋದಾಗ ಏಳರ ಗೂಡು ಖಾಲಿ.

“ಯಾರು ತಗೊಂಡು ಹೋದ್ರು?”

ನಿಟ್ಟುಸಿರಮ್ಮ ಬಿಟ್ಟ ಉಸಿರಿಗೆ ಗೋಡೆಯ ಕ್ಯಾಲೆಂಡರು ಅಲುಗಿತು. “ಮೊದಲು ಎದೆ ಬಂತು. ಆಮೇಲೆ ಅವರು ಬಂದ್ರು. ಕೋಟು ಬಿಚ್ಚಿ ಕೈಗೆ ಹಾಕ್ಕೊಂಡಿದ್ರು ಕಣೋ.”

ಗಿಣಿ ಖಾಲಿ ಹಗ್ಗ ಹಿಡಿದು ಮನೆಗೆ ಬಂದ. ಹೆಂಡತಿ ಹಗ್ಗ ನೋಡಿ ಸೂಜಿ ಬಾಯಿಗೆ ಹಾಕಿಕೊಂಡಳು. ಪುಟ್ಟಿ ಮಾತ್ರ, “ಅಪ್ಪ, ನಾಯಿ ದನಿ ಆದ್ರೂ ತೆಗಿ” ಎಂದಳು. ಅವನು ತೆಗೆದ. ಚೆನ್ನಾಗಿ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಫೋನು ಬಡಿದುಕೊಂಡಿತು.

“ರೀ, ಏಳಿ. ನಿಮ್ಮ ಎದೆಗಾರರು.”

ಗಿಣಿ ಎದ್ದು ಕೂತ. ಆಚೆಯಿಂದ ಗಂಟಲು ಕೆರೆಯುವ ಸದ್ದು, ಆಮೇಲೆ ತಡವರಿಕೆ.

“ವಿಷಯ ಏನಪ್ಪಾ ಅಂದ್ರೆ… ಏಳು ಏಳ್ತಿಲ್ಲ ಕಣಯ್ಯಾ.”

“ಹುಷಾರಿಲ್ವಾ ಸರ್?” ಎಂದ ಗಿಣಿ.

“ಹುಷಾರಾಗೇ ಇದೆ. ತಿನ್ನುತ್ತೆ, ಮಲಗುತ್ತೆ, ನನ್ನ ಕೋಟಿನ ಮೇಲೇ ಮಲಗುತ್ತೆ. ಆದ್ರೆ ನಾನು ಕರೆದ್ರೆ ತಿರುಗಿ ಕೂಡ ನೋಡಲ್ಲ. ಏಳು ಅಂದೆ, ಏಳಪ್ಪಾ ಅಂದೆ, ದಯಮಾಡಿ ಏಳಿ ಅಂತಾನೂ ಅಂದು ನೋಡ್ದೆ. ಬಿಸ್ಕತ್ತೂ ಕೊಟ್ಟೆ. ತಿಂದು, ಇವನು ಯಾರು ಅನ್ನೋ ಹಾಗೆ ನೋಡುತ್ತೆ. ನೀನು ಒಂದ್ಸಲ ಫೋನಲ್ಲೇ… ಅದೇ… ನನ್ನ ಥರ…”

“ಸರ್, ಆದೇಶ ಇದೆಯಲ್ಲ.”

“ಅದು ಸಂಸ್ಥೆಯ ಆವರಣಕ್ಕೆ ಕಣಯ್ಯಾ, ನಮ್ಮನೆ ನಡುಮನೆಗಲ್ಲ!”

ಗಿಣಿ ಹೆಂಡತಿಯ ಕಡೆ ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಪುಟ್ಟಿ ಫೋನಿಗೆ ಕಿವಿ ಹಚ್ಚಿದಳು. ಗಿಣಿ ಎದೆ ಉಬ್ಬಿಸಲು ಹೋಗಿ, ಯಾಕೋ ನಿಲ್ಲಿಸಿದ.

“ಸರ್, ನಾನು ದಿನಾ ಫೋನಲ್ಲಿ ಏಳು ಅಂತಿದ್ರೆ ಅದು ಫೋನನ್ನ ಪ್ರೀತಿಸೋಕೆ ಶುರು ಮಾಡುತ್ತೆ. ನೀವೇ ಹೇಳ್ಬೇಕು.”

“ನಂಗೆ ಬರಲ್ವಲ್ಲಯ್ಯಾ!” ಎಂದ ಎದೆಗಾರರ ದನಿಯಲ್ಲಿ ಮೂಗಿರಲಿಲ್ಲ, ಕೊಡವಿರಲಿಲ್ಲ. “ನಾನು ಹೇಗೆ ಮಾತಾಡ್ತೀನಿ ಅಂತ ಸ್ವಲ್ಪ ಹೇಳ್ಕೊಡು.”

ಗಿಣಿ ಮಂಚದ ಅಂಚಿಗೆ ಸರಿದು ಕೂತ. ನಾಯಿಗಳೂ ಯಜಮಾನರೂ ಎಂದೂ ಕಿವಿಗೊಡದ ತನ್ನ ಸ್ವಂತ ದನಿಯಲ್ಲಿ ಪಾಠ ಶುರು ಮಾಡಿದ.

“ಗಂಟಲು ಎರಡು ಸಲ ಕೆರೀರಿ ಸರ್. ಹೂಂ. ಈಗ ಎದೆ ಮುಂದೆ. ಯಾರೂ ನೋಡ್ತಿಲ್ಲ ಅನ್ಕೊಳ್ಳಿ. ಕೊನೇ ಅಕ್ಷರ ಮೂಗಿಗೆ ಕಳಿಸಿ, ಮೇಲಕ್ಕೆ ಎತ್ತಿ. ಹೇಳಿ ಈಗ.”

“ಏಳೂ-ಉ!”

ಫೋನಿನ ಆಚೆ, ಬಹಳ ದೂರದಿಂದ, ಬಾಲವೊಂದು ನೆಲಕ್ಕೆ ಬಡಿದ ಸದ್ದು. ಒಂದೇ ಸಲ.

“ಬಾಲ ಆಡಿಸ್ತು! ಎದ್ದಿಲ್ಲ, ಆದ್ರೆ ಬಾಲ ಆಡಿಸ್ತು ಕಣಯ್ಯಾ! ಹೇಗಿತ್ತು? ಸರಿ ಬಂತಾ?”

“ಪರವಾಗಿಲ್ಲ ಸರ್” ಎಂದ ಗಿಣಿ. “ಆದ್ರೆ ಇನ್ನೂ ಸ್ವಲ್ಪ ನಿಮ್ಮ ಥರ ಬರ್ಬೇಕು.”